ಸಾಹಸಕಥೆ ಕಟ್ಟಿಸುವ ಕಾರ್ಡ್ ಪೆಟ್ಟಿಗೆ: ನಕ್ಷೆ ಇಟ್ಟುಕೊಳ್ಳಿ, ಮಾಯದ ಕಾರ್ಡು ಎತ್ತಿಡಿ

ಐದರಿಂದ ಏಳನೇ ತರಗತಿ ಮಕ್ಕಳ ಕೈಲಿ ಸಾಹಸಕಥೆ ಕಟ್ಟಿಸಲು ಅಂತಲೇ ಮಾಡಿದ ಕಾರ್ಡ್ ಪೆಟ್ಟಿಗೆ ಇದು. ಶಾಲೆ ಶುರುವಾಗುವ ಹೊತ್ತಿಗೆ ತುಮಕೂರಿನ ಸ್ಟೇಷನರಿ ಅಂಗಡಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬೆಲೆ 650 ರೂಪಾಯಿ. ನಾಲ್ಕೈದು ಒಟ್ಟಿಗೆ ತಗೊಂಡರೆ ಚೌಕಾಸಿಗೆ ಜಾಗ ಇದೆ. ಒಂದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಿನಲ್ಲಿ ಬರುವುದರಿಂದ ಮುಚ್ಚಳದ ಮೇಲಿನ ಹೆಸರಿಗಿಂತ ಒಳಗೇನಿದೆ ಅನ್ನುವುದನ್ನು ನೋಡಿ ಕೊಳ್ಳುವುದು ಮೇಲು. ತೀರ್ಪು ಮೊದಲೇ ಹೇಳಿಬಿಡುವುದಾದರೆ, ನಕ್ಷೆಗೂ ಅಡ್ಡಿಯ ಕಾರ್ಡುಗಳಿಗೂ ಈ ದುಡ್ಡು ಕೊಡಬಹುದು. ಮಾಯದ ಕಾರ್ಡುಗಳನ್ನು ಮೊದಲ ದಿನವೇ ಬೀರುವಿಗೆ ಸೇರಿಸಿ ಬೀಗ ಹಾಕಬೇಕು. ಇನ್ನು, ಸಾಹಸಕಥೆ ನಿಂತಿರುವುದೇ ನಾಯಕ ದಾರಿಯುದ್ದಕ್ಕೂ ಏನೇನು ಕಳೆದುಕೊಂಡ ಅನ್ನುವ ಲೆಕ್ಕದ ಮೇಲೆ. ಆ ಲೆಕ್ಕ ಇಡುವ ಏರ್ಪಾಟು ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಅದನ್ನು ಮೇಷ್ಟ್ರೋ ಮಿಸ್ಸೋ ಹೊರಗಿಂದ ಸೇರಿಸಿಕೊಂಡರೆ ಮಾತ್ರ ಹಾಕಿದ ದುಡ್ಡು ದಕ್ಕುತ್ತದೆ.

ಒಳಗಿರುವುದು 64 ಕಾರ್ಡು. ನಾಯಕರು 12, ಬಯಕೆ 8, ಅಡ್ಡಿ 16, ಜೊತೆಗಾರರು 10, ಮಾಯದ ವಸ್ತು 8, ಕೊನೆ 10. ಇವುಗಳ ಜೊತೆ ಬರೆದು ಒರೆಸಬಹುದಾದ ಒಂದು ನಕ್ಷೆ ಹಾಳೆ, 12 ಮನೆಗಳ ‘ದಾರಿ’ ಪಟ, ದಾಳ, ಮೂರು ನಿಮಿಷದ ಮರಳು ಗಡಿಯಾರ, 24 ಪುಟದ ಶಿಕ್ಷಕರ ಕೈಪಿಡಿ. ‘40 ಮಕ್ಕಳ ತರಗತಿಗೆ’ ಅಂತ ಮುಚ್ಚಳದ ಮೇಲೆ ಅಚ್ಚಾಗಿದೆ. ಲೆಕ್ಕ ಕೂಡುವುದಿಲ್ಲ. ಐದೈದು ಮಕ್ಕಳ ಗುಂಪು ಮಾಡಿದರೆ 8 ಗುಂಪು. ಒಂದು ಕಥೆಗೆ ಕನಿಷ್ಠ ಮೂರು ಅಡ್ಡಿ ಬೇಕು, ಅಂದರೆ 24 ಅಡ್ಡಿ ಕಾರ್ಡು. ಇರುವುದು 16. ಎರಡೇ ಅಡ್ಡಿ ಕೊಟ್ಟು ಸುಮ್ಮನಿರೋಣ ಅಂದರೆ ಕಥೆ ಏರುವುದೇ ಇಲ್ಲ. ಮೊದಲನೆಯದು ಪರಿಚಯ, ಎರಡನೆಯದು ಮುಕ್ತಾಯ, ನಡುವೆ ಕಷ್ಟ ಹೆಚ್ಚುವುದಕ್ಕೆ ಜಾಗವೇ ಇಲ್ಲದಂತಾಗುತ್ತದೆ. 25 ಮಕ್ಕಳವರೆಗೆ ಒಂದು ಪೆಟ್ಟಿಗೆ ಸಾಕು: 5 ಗುಂಪು, 15 ಅಡ್ಡಿ, ಒಂದು ಮಿಕ್ಕುತ್ತದೆ. ಅದಕ್ಕಿಂತ ದೊಡ್ಡ ತರಗತಿಗೆ ಎರಡನೇ ಪೆಟ್ಟಿಗೆ ಕೊಳ್ಳುವ ಅಗತ್ಯವೇನಿಲ್ಲ. ಬೇಕಾದ ಕಾರ್ಡುಗಳನ್ನು ಶಾಲೆಯಲ್ಲೇ ಮಾಡಿಕೊಳ್ಳಬಹುದು. ಒಂದು ಮಗ್ಗುಲು ಖಾಲಿ ಇರುವ ಹಳೆ ಲಗ್ನಪತ್ರಿಕೆ ಕತ್ತರಿಸಿದರೆ ಪೆಟ್ಟಿಗೆಯ ಕಾರ್ಡಿಗಿಂತ ಗಟ್ಟಿ ರಟ್ಟು ಸಿಗುತ್ತದೆ.

ಕಾರ್ಡಿನ ಅಕ್ಷರ ಸಣ್ಣದು. ಗುಂಪಿನ ನಡುವೆ ನೆಲದ ಮೇಲಿಟ್ಟರೆ ಓದಬಹುದು, ಬೋರ್ಡಿನ ಬಳಿ ನಿಂತು ಎತ್ತಿ ತೋರಿಸಿದರೆ ಎರಡನೇ ಸಾಲಿಗೂ ಕಾಣದು. ಲ್ಯಾಮಿನೇಷನ್ ಮೂಲೆಯಿಂದ ಎದ್ದು ಬರುತ್ತದೆ, ಮಕ್ಕಳು ಅದನ್ನು ಕೀಳುತ್ತಲೇ ಇರುತ್ತಾರೆ. ಕೊಂಡ ದಿನವೇ ನಾಲ್ಕೂ ಮೂಲೆಗೆ ಪಾರದರ್ಶಕ ಟೇಪು ಸುತ್ತುವುದು ಒಳ್ಳೆಯದು.

ಹನ್ನೆರಡು ಮನೆಗಳ ಪಟದ ವಿಚಾರಕ್ಕೆ ಬರೋಣ. ಕಥೆಗಳನ್ನು ಹೀಗೆ ಹಂತಹಂತವಾಗಿ ಬಿಡಿಸುವ ಅಭ್ಯಾಸ ಹಳೆಯದು. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅಲ್ಲಿನ ಮಾಯಾಕಥೆಗಳನ್ನು 31 ಕ್ರಿಯೆಗಳಾಗಿ ವಿಂಗಡಿಸಿದ. ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ವೀರನ ಪಯಣಕ್ಕೆ 17 ಹಂತ ಗುರುತಿಸಿದ. ಅದನ್ನು ಸಿನಿಮಾ ಬರೆಯುವವರಿಗಾಗಿ ಕ್ರಿಸ್ಟೊಫರ್ ವೋಗ್ಲರ್ 12ಕ್ಕೆ ಇಳಿಸಿದ. ಪೆಟ್ಟಿಗೆಯವರು ಆ 12ನ್ನೇ ತಂದು ಐದನೇ ತರಗತಿಯ ಮುಂದೆ ಹಾಸಿದ್ದಾರೆ. ಆಗುವುದೇನು? ಮಗು ಒಂದೊಂದು ಮನೆಗೆ ಒಂದೊಂದು ವಾಕ್ಯ ಬರೆದು ತುಂಬಿಸುತ್ತದೆ, ರೇಷನ್ ಕಾರ್ಡಿನ ಅರ್ಜಿ ತುಂಬಿಸಿದ ಹಾಗೆ. ಹನ್ನೆರಡು ವಾಕ್ಯ ಮುಗಿಯುತ್ತದೆ, ಕಥೆ ಶುರುವೇ ಆಗಿರುವುದಿಲ್ಲ. ಹಂತಗಳನ್ನು ಕಂಡುಹಿಡಿದವರು ಬರೆದು ಮುಗಿದ ಕಥೆಗಳನ್ನು ಬಿಚ್ಚಿ ನೋಡುತ್ತಿದ್ದರು. ಹತ್ತು ವರ್ಷದ ಮಗು ಇನ್ನೂ ಕಟ್ಟುತ್ತಿದೆ. ಪಟವನ್ನು ತಿರುವಿ ಹಾಕಿ ಹಿಂಬದಿಯಲ್ಲಿ ಐದೇ ಮನೆ ಬರೆದರೆ ಸಾಕು: ಮನೆಯಿಂದ ಯಾಕೆ ಹೊರಟರು, ಮೊದಲು ಎಲ್ಲಿ ತಡೆಯಿತು, ಎಲ್ಲಿ ಪೂರಾ ಕೆಟ್ಟಿತು, ಆಗ ಏನು ತೀರ್ಮಾನ ಮಾಡಿದರು, ವಾಪಸ್ ಹೇಗೆ ಬಂದರು. ಏಳನೇ ತರಗತಿಗೆ ಬೇಕಾದರೆ ಆರನೆಯದಾಗಿ ‘ಜೊತೆಗಾರ ಕೈಕೊಟ್ಟದ್ದು ಯಾವಾಗ’ ಸೇರಿಸಬಹುದು.

ತಲೆ ಓಡಿಸಿ ಮಾಡಿದ ಸಾಮಾನು ಅಂದರೆ ನಕ್ಷೆ ಹಾಳೆ. ಕೈಪಿಡಿಯಲ್ಲಿ ಅದು ಮೂರನೇ ಪಾಠಕ್ಕೆ ಬರುತ್ತದೆ, ಅದೇ ತಪ್ಪು. ನಕ್ಷೆ ಮೊದಲು ಬರಬೇಕು. ನಾಯಕನಿಂದ ಶುರು ಮಾಡಿದ ಮಗು ಅರ್ಧ ಪುಟವನ್ನು ಅವನ ಅಂಗಿ, ಕಣ್ಣು, ಧೈರ್ಯ ವರ್ಣಿಸುವುದರಲ್ಲೇ ಕಳೆಯುತ್ತದೆ. ನಕ್ಷೆಯಿಂದ ಶುರು ಮಾಡಿದ ಮಗು ಎರಡನೇ ವಾಕ್ಯಕ್ಕೇ ನಡೆಯತೊಡಗುತ್ತದೆ, ಯಾಕೆಂದರೆ ಅಲ್ಲಿ ಹಳ್ಳ ಇದೆ, ದಾಟಬೇಕು. ಒಳ್ಳೆಯ ಸಾಹಸದ ನಕ್ಷೆಯಲ್ಲಿ ಮೂರು ಬಗೆಯ ಜಾಗ ಇರಬೇಕು. ಒಂದೇ ದಾರಿ ಇರುವ ಇಕ್ಕಟ್ಟು, ದಾಟಿದ ಮೇಲೆ ಹಿಂದಿರುಗಲಾಗದ ಜಾಗ, ಕೂತು ಉಸಿರು ತೆಗೆದುಕೊಂಡು ಮಾತಾಡುವ ಜಾಗ. ಪೆಟ್ಟಿಗೆಯ ನಕ್ಷೆಯಲ್ಲಿ ಮೊದಲನೆಯದೂ ಮೂರನೆಯದೂ ಇವೆ. ಎರಡನೆಯದು ಇಲ್ಲ, ಎಲ್ಲ ಕಡೆಗೂ ಸುತ್ತುಬಳಸಿನ ದಾರಿ ಬಿಟ್ಟಿದ್ದಾರೆ. ಜಾಣ ಮಕ್ಕಳು ಅಡ್ಡಿಗೆ ಸಿಗದೆ ಸುತ್ತುಹಾಕಿಕೊಂಡು ಹೋಗಿಬಿಡುತ್ತಾರೆ, ಕಥೆ ಸಪ್ಪಗಾಗುತ್ತದೆ. ಮಾರ್ಕರ್‌ನಿಂದ ಎರಡು ದಾರಿಗಳನ್ನು ಕಪ್ಪಾಗಿ ಅಳಿಸಿಬಿಟ್ಟರೆ ಅದೇ ನಕ್ಷೆ ಚುರುಕಾಗುತ್ತದೆ.

ಅಳತೆಯೂ ಬೇಕು. ಒಂದು ಬೆರಳಗಲಕ್ಕೆ ಅರ್ಧ ಗಂಟೆ ನಡಿಗೆ ಅಂತ ಇಟ್ಟುಕೊಳ್ಳಿ. ಊರಿನಿಂದ ಗವಿಗೆ ಹನ್ನೆರಡು ಬೆರಳು ಆದರೆ ಆರು ಗಂಟೆ; ಮಧ್ಯಾಹ್ನ ಹನ್ನೆರಡಕ್ಕೆ ಹೊರಟವರು ಸಂಜೆ ಆರಕ್ಕೆ ತಲುಪುತ್ತಾರೆ, ಆಗಲೇ ಮಬ್ಬುಗತ್ತಲು. ‘ಕತ್ತಲಾಯಿತು, ಭಯವಾಯಿತು’ ಅಂತ ಸುಮ್ಮನೆ ಬರೆಯುವ ಮಗುವಿಗೆ ಈಗ ಕತ್ತಲು ಯಾಕಾಯಿತು ಅನ್ನುವುದೂ ಗೊತ್ತು. ಅಡ್ಡಿಯೊಂದರಲ್ಲಿ ಒಂದು ಗಂಟೆ ಕಳೆದರೆ ಏನಾಗುತ್ತದೆ ಅನ್ನುವುದೂ ಗೊತ್ತು.

ಆದರೆ ಅಚ್ಚಾಗಿರುವ ನಕ್ಷೆ ಒಂದು ದ್ವೀಪದ್ದು. ಹಿಮದ ಶಿಖರ, ಹಡಗುಕಟ್ಟೆ, ಕೋಟೆಗೋಪುರ. ಸಮುದ್ರವನ್ನೇ ನೋಡದ ಮಕ್ಕಳು ಕಲ್ಪಿಸಿಕೊಳ್ಳಲಾರರು ಅಂತಲ್ಲ, ಚೆನ್ನಾಗಿಯೇ ಕಲ್ಪಿಸಿಕೊಳ್ಳುತ್ತಾರೆ. ಆದರೆ ಹಿಮದಲ್ಲಿ ಕಾಲು ಎಷ್ಟು ಹೂಳುತ್ತದೆ, ಹಡಗಿನಲ್ಲಿ ಕುಡಿಯುವ ನೀರು ಎಷ್ಟು ದಿನಕ್ಕೆ ಬರುತ್ತದೆ ಅನ್ನುವ ಸಣ್ಣ ವಿವರ ಅವರ ಬಳಿ ಇರುವುದಿಲ್ಲ. ಸಾಹಸಕಥೆ ನಂಬಿಕೆ ಗಳಿಸುವುದು ಆ ಸಣ್ಣ ವಿವರಗಳಿಂದಲೇ. ದ್ವೀಪವನ್ನು ಒಮ್ಮೆ ತೋರಿಸಿ ಪದ್ಧತಿ ಹೇಳಿಕೊಟ್ಟು, ಆಮೇಲೆ ಡ್ರಾಯಿಂಗ್ ಶೀಟಿನ ಮೇಲೆ ಮಕ್ಕಳು ಕಂಡ ಬೆಟ್ಟವನ್ನೇ ಬಿಡಿಸಿಸಬೇಕು.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರು ಜಿಲ್ಲೆಗಳವರಿಗೆ ಬೆಟ್ಟಕ್ಕೆ ಬರವಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಸುಮಾರು 3,930 ಅಡಿ. ಅದನ್ನು ಹತ್ತುವ ದಾರಿಯೇ ಪಾಠ. ಕೆಳಗೆ ಮೆಟ್ಟಿಲು, ಸಲೀಸು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಅಂತ ಕೋಟೆಗೆ ಬಾಗಿಲುಗಳಿವೆ. ಒಂದೊಂದೂ ಒಂದು ಇಕ್ಕಟ್ಟು. ಮೇಲೆ ಹೋದಂತೆ ಮೆಟ್ಟಿಲು ಹೋಗಿ ನುಣುಪು ಬಂಡೆ ಬರುತ್ತದೆ, ಕಾಲಿಡಲು ಉಳಿಯಿಂದ ಕೊರೆದ ಗುಳಿಗಳಷ್ಟೇ. ಹತ್ತುವಾಗ ಎದುರಿಗೆ ಬಂಡೆ ಮಾತ್ರ ಕಾಣುತ್ತದೆ, ಇಳಿಯುವಾಗ ಆಳ ಕಾಣುತ್ತದೆ. ‘ಅಡ್ಡಿ ಹೆಚ್ಚುತ್ತಾ ಹೋಗಬೇಕು’ ಅನ್ನುವುದನ್ನು ಕೈಪಿಡಿ ಎರಡು ಪುಟ ಕೊರೆಯುತ್ತದೆ, ಬೆಟ್ಟದ ಪಕ್ಕನೋಟ ಬಿಡಿಸಿದರೆ ಒಂದು ಗೆರೆಯಲ್ಲಿ ಮುಗಿಯುತ್ತದೆ. ವಾಪಸ್ ಬರುವುದೂ ಸಾಹಸವೇ ಅನ್ನುವ ಮಾತು ಕೈಪಿಡಿಯಲ್ಲಿ ಎಲ್ಲೂ ಇಲ್ಲ. ಈ ಬೆಟ್ಟ ಅದನ್ನೂ ತಾನಾಗಿ ಹೇಳಿಕೊಡುತ್ತದೆ.

ಚಿಕ್ಕ ಮಕ್ಕಳಿಗೆ ಗುಡಿಬಂಡೆ ಒಳ್ಳೆಯದು. ಬೆಟ್ಟ ಸಣ್ಣದು, ಕೋಟೆ ಸುತ್ತುಸುತ್ತಾಗಿ ಏರುತ್ತದೆ, ಮಳೆನೀರು ನಿಲ್ಲುವ ದೊಣೆಗಳು ಉಸಿರು ತೆಗೆದುಕೊಳ್ಳುವ ಜಾಗಗಳಾಗುತ್ತವೆ. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬರುವ ಕಲ್ಯಾಣಿಯಿಂದ ಮೇಲಕ್ಕೆ ಬಂಡೆಗಳ ನಡುವಿನ ಸಂದು, ಗವಿಗಳಿವೆ. ಒಬ್ಬರ ಹಿಂದೊಬ್ಬರೇ ನುಸುಳಬೇಕಾದ ಜಾಗ. ಗುಂಪಿನಲ್ಲಿ ಮುಂದೆ ಯಾರು, ಹಿಂದೆ ಯಾರು ಅನ್ನುವ ಪ್ರಶ್ನೆಯೇ ಕಥೆಯಾಗುತ್ತದೆ. ಕೆಜಿಎಫ್ ಕಡೆಯ ಶಾಲೆಗಳಿಗೆ ನಕ್ಷೆಯನ್ನು ತಲೆಕೆಳಗು ಮಾಡಬಹುದು. ಮೇಲಕ್ಕೆ ಹತ್ತುವ ಬದಲು ಕೆಳಕ್ಕೆ ಇಳಿಯುವ ಕಥೆ. 2001ರ ಫೆಬ್ರುವರಿ 28ಕ್ಕೆ ಮುಚ್ಚಿದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಆಳಕ್ಕೆ ಹೋದಷ್ಟೂ ಬಂಡೆಯ ಬಿಸಿ ಏರುತ್ತದೆ, ಒತ್ತಡಕ್ಕೆ ಬಂಡೆ ಸಿಡಿಯುತ್ತದೆ, ವಾಪಸ್ ಬರಲು ಕೇಜು, ಅಂದರೆ ಗಣಿಯ ಲಿಫ್ಟು, ಬಿಟ್ಟು ದಾರಿಯಿಲ್ಲ. ಅಡ್ಡಿ ಕಾರ್ಡು ಬೇರೆ ಬೇಕೇ? ಮನೆಯಲ್ಲಿ ಗಣಿಗೆ ಇಳಿದ ತಾತಂದಿರಿದ್ದರೆ ವಿವರ ಅಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ: ಇದು ಕಾಗದದ ಮೇಲಿನ ಪಯಣ. ಪಾಳು ಶಾಫ್ಟುಗಳ ಬಳಿಗೆ, ಗಣಿಯ ತ್ಯಾಜ್ಯ ಸುರಿದ ಸಯನೈಡ್ ದಿಬ್ಬಗಳ ಮೇಲಕ್ಕೆ ಮಕ್ಕಳನ್ನು ‘ಕಥೆಗಾಗಿ’ ಕರೆದುಕೊಂಡು ಹೋಗಬಾರದು. ಮಧುಗಿರಿಯ ನುಣುಪು ಬಂಡೆಯೂ ಪ್ರಾಥಮಿಕ ಶಾಲೆಯ ಪಿಕ್‌ನಿಕ್ಕಿಗಲ್ಲ. ಕೆಳಗಿನ ಬಾಗಿಲುಗಳವರೆಗೆ ಸಾಕು.

ಇನ್ನು ಪೆಟ್ಟಿಗೆಯಲ್ಲಿ ಇಲ್ಲದ್ದು. ಸಾಹಸಕಥೆಯಲ್ಲಿ ಅಡ್ಡಿ ಬಂದರೆ ಸಾಲದು, ಅದು ಏನನ್ನಾದರೂ ಕಿತ್ತುಕೊಂಡು ಹೋಗಬೇಕು. ಮಕ್ಕಳು ಬರೆದ ಕಥೆಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಹೀಗಿರುತ್ತದೆ: ಹುಲಿ ಬಂತು, ಓಡಿದರು. ಹೊಳೆ ಬಂತು, ಈಜಿದರು. ಕಳ್ಳರು ಬಂದರು, ಹೊಡೆದರು. ಮೂರು ಅಡ್ಡಿ ದಾಟಿದ ಮೇಲೂ ಹೊರಟಾಗ ಹೇಗಿದ್ದರೋ ಹಾಗೇ ಇರುತ್ತಾರೆ. ಕೇಳುವವರಿಗೆ ಆತಂಕ ಹುಟ್ಟುವುದು ಎಲ್ಲಿಂದ?

ಇದಕ್ಕೆ ಮದ್ದು ಹುಣಸೆಬೀಜ. ಪ್ರತಿ ಗುಂಪಿಗೆ ಐದು ಬೀಜ. ಹೊರಡುವಾಗ ನಾಯಕಿಯ ಬಳಿ ಏನೇನಿದೆ ಅಂತ ಬೀಜಕ್ಕೊಂದು ಹೆಸರಿಡಬೇಕು, ಹೆಸರನ್ನು ಹಾಳೆಯಲ್ಲಿ ಬರೆಯಬೇಕು. ನೀರಿನ ಬಾಟಲಿ, ಟಾರ್ಚು, ಹಗ್ಗ, ಇಪ್ಪತ್ತು ರೂಪಾಯಿ. ಐದನೆಯದು ಕೈಗೆ ಸಿಗದ ವಸ್ತುವಾಗಿರಲಿ, ‘ತಮ್ಮನಿಗೆ ಅಕ್ಕನ ಮೇಲಿರುವ ನಂಬಿಕೆ’ ಅನ್ನುವಂಥದ್ದು. ಅಡ್ಡಿ ಕಾರ್ಡು ಬಿದ್ದಾಗಲೆಲ್ಲ ಗುಂಪು ಒಂದು ಬೀಜ ನಡುವಿನ ತಟ್ಟೆಗೆ ಹಾಕಿ, ಅದು ಹೇಗೆ ಹೋಯಿತು ಅಂತ ಹೇಳಬೇಕು. ಬೀಜ ಹಾಕಲಾಗದಿದ್ದರೆ ಅದು ಅಡ್ಡಿಯೇ ಅಲ್ಲ, ಕಾರ್ಡು ವಾಪಸ್. ಮೊದಲ ಅಡ್ಡಿಗೆ ಒಂದು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು. ಕೊನೆಗೆ ಕೈಯಲ್ಲಿ ಉಳಿಯುವುದು ಒಂದೇ ಬೀಜ. ಕಥೆಯ ಗಂಟು ಬಿಚ್ಚಬೇಕಾದ್ದು ಆ ಉಳಿದ ಒಂದರಿಂದಲೇ, ಹೊರಗಿಂದ ಬಂದ ಯಾರಿಂದಲೂ ಅಲ್ಲ.

ಉದಾಹರಣೆಗೆ: ದೇವರಾಯನದುರ್ಗದ ಕಡೆ ಮೇಯಲು ಬಿಟ್ಟ ಮೇಕೆಮರಿ ಕಾಣೆ, ಕತ್ತಲಾದರೆ ಚಿರತೆಯ ಭಯ. ಮೊದಲು ಲಂಟಾನ ಪೊದೆ. ನುಗ್ಗುವಾಗ ಜೇಬು ಹರಿದು ಇಪ್ಪತ್ತು ರೂಪಾಯಿ ಹೋಯಿತು. ಎರಡನೆಯದು ಬಂಡೆಯ ಬಿರುಕು. ಬಾಟಲಿ ಒಳಕ್ಕೆ ಬಿತ್ತು. ಮೂರನೆಯದು ಕಡಿದಾದ ಇಳಿಜಾರು. ಹಗ್ಗ ಕಟ್ಟಿ ಇಳಿದರು, ಬಿಚ್ಚಿಕೊಳ್ಳಲಾಗದೆ ಬಿಟ್ಟುಬಂದರು, ಇಳಿಯುವಾಗ ಅಕ್ಕ ಬೈದದ್ದಕ್ಕೆ ತಮ್ಮ ಮುನಿಸಿಕೊಂಡು ಅಲ್ಲೇ ಕೂತ. ಉಳಿದದ್ದು ಟಾರ್ಚು. ಅದನ್ನು ತಮ್ಮನ ಕೈಗೆ ಕೊಟ್ಟು ಬೆಳಕು ಹಿಡಿಯಲು ಹೇಳಿ, ತಾನು ಕತ್ತಲಲ್ಲಿ ಮರಿಯ ಕೂಗು ಬಂದ ಕಡೆಗೆ ಹೋಗುತ್ತಾಳೆ. ಇಷ್ಟು ಸಿಕ್ಕರೆ ಐದನೇ ತರಗತಿಗೆ ಧಾರಾಳ. ಯಾವ ಬೀಜ ಕೊನೆಗೆ ಉಳಿಸುವುದು ಅಂತ ಗುಂಪುಗಳು ಜಗಳ ಆಡುತ್ತವೆ. ಆ ಜಗಳವನ್ನು ನಿಲ್ಲಿಸಬೇಡಿ, ಕಥೆ ಕಟ್ಟುವ ಕೆಲಸ ನಡೆಯುತ್ತಿರುವುದು ಅಲ್ಲೇ.

ಮಾಯದ ಕಾರ್ಡುಗಳು ಯಾಕೆ ಬೇಡ ಅನ್ನುವುದು ಈಗ ತಾನಾಗಿ ತಿಳಿಯುತ್ತದೆ. ಹಾರುವ ಚಾಪೆ, ಮಾಯವಾಗುವ ಕಂಬಳಿ, ಕೇಳಿದ್ದು ಕೊಡುವ ಉಂಗುರ. ಎಂಟೂ ಯಾವ ಅಡ್ಡಿಗಾದರೂ ಹೊಂದುತ್ತವೆ, ಒಂದಕ್ಕೂ ಬೆಲೆ ತೆರಬೇಕಿಲ್ಲ. ಅಡ್ಡಿ ಬಿದ್ದ ತಕ್ಷಣ ಮಗು ಉಂಗುರ ಎಸೆಯುತ್ತದೆ, ನಾಲ್ಕು ಸಾಲಿಗೆ ಕಥೆ ಖಲಾಸ್. ಮಾಯವೇ ಕೂಡದು ಅಂತಲ್ಲ. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯಲ್ಲಿ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಅಂತ ಐತಿಹ್ಯ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಿತ್ತು, ನೀರು ಬಂತು, ಅಷ್ಟೇ. ಆ ಬಾಣ ಊಟ ತರಲಿಲ್ಲ, ಸೀತೆಯನ್ನು ಹುಡುಕಿಕೊಡಲಿಲ್ಲ. ಪೆಟ್ಟಿಗೆಯ ಮಾಯಕ್ಕೂ ಇಂಥ ಮಿತಿ ಹಾಕಿದರೆ ಬಳಸಬಹುದು: ಒಂದು ಕೆಲಸ ಮಾತ್ರ, ಒಂದೇ ಸಲ, ಬಳಸಿದರೆ ಎರಡು ಬೀಜ ದಂಡ, ಮತ್ತು ಮೊದಲ ಅಡ್ಡಿಗೆ ಮುಂಚೆಯೇ ಅದು ಚೀಲದಲ್ಲಿತ್ತು ಅಂತ ಓದುಗನಿಗೆ ಗೊತ್ತಿರಬೇಕು. ಏಳನೇ ತರಗತಿಯವರು ಈ ಷರತ್ತಿನ ಮೇಲೆ ಚೆನ್ನಾಗಿ ಆಡುತ್ತಾರೆ. ಐದನೆಯವರಿಗೆ ಕೊಡದಿರುವುದೇ ಕ್ಷೇಮ.

ನಾಯಕರ ಕಾರ್ಡು ಹನ್ನೆರಡರಲ್ಲಿ ಒಂಬತ್ತು ಹುಡುಗರು. ಮೂರು ಹುಡುಗಿಯರಲ್ಲಿ ಇಬ್ಬರು ರಾಜಕುಮಾರಿಯರು, ಒಬ್ಬಳು ‘ಕಾಪಾಡಬೇಕಾದವಳು’ ಅಂತಲೇ ಅಚ್ಚಾಗಿದ್ದಾಳೆ. ಇವನ್ನು ಪೂರಾ ಬಿಟ್ಟು, ಮಕ್ಕಳೇ ಎರಡು ಸಾಲಿನಲ್ಲಿ ನಾಯಕರನ್ನು ಮಾಡಿಕೊಳ್ಳುವುದು ಲೇಸು. ಒಂದು ಸಾಲು ಏನು ಬರುತ್ತದೆ, ಇನ್ನೊಂದು ಸಾಲು ಏನು ಬರುವುದಿಲ್ಲ. ಮರ ಹತ್ತಬಲ್ಲಳು, ಸುಳ್ಳು ಹೇಳಲು ಬಾರದು. ಈ ಎರಡನೇ ಸಾಲೇ ಮುಂದೆ ಕೆಲಸಕ್ಕೆ ಬರುವುದು. ಗುಂಪಿನ ಐದೂ ಮಕ್ಕಳು ತಮ್ಮ ಹೆಸರೇ ಬರಬೇಕು ಅಂತ ಐದು ನಾಯಕರನ್ನು ಇಡುತ್ತಾರೆ, ಐವರೂ ಒಟ್ಟಿಗೆ ಓಡಿ ಒಟ್ಟಿಗೆ ಈಜುತ್ತಾರೆ. ಇಬ್ಬರಿಗಿಂತ ಹೆಚ್ಚು ಬೇಡ ಅಂತ ಮೊದಲೇ ಹೇಳಿ.

ನಾಯಕ ತೀರಾ ಬಲಶಾಲಿಯಾದರೆ ಏನು ಮಾಡುವುದು ಅನ್ನುವುದಕ್ಕೆ ಕೈಪಿಡಿ ಉತ್ತರ ಕೊಡುವುದಿಲ್ಲ. ಉತ್ತರ ಕೈವಾರದಲ್ಲಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಹಿಂದಿನ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅನ್ನುವುದು ಸ್ಥಳದ ನಂಬಿಕೆ. ಭೀಮ ಗೆಲ್ಲುತ್ತಾನೆ ಅಂತ ಎಲ್ಲ ಮಕ್ಕಳಿಗೂ ಮೊದಲೇ ಗೊತ್ತು, ಆದರೂ ಕಿವಿಗೊಟ್ಟು ಕೇಳುತ್ತಾರೆ. ಯಾಕೆ? ಅಪಾಯ ಭೀಮನ ಮೈಗಲ್ಲ. ಪಾಂಡವರು ಬ್ರಾಹ್ಮಣ ವೇಷದಲ್ಲಿ ಅಡಗಿದ್ದಾರೆ, ಭೀಮನ ಬಲ ಊರಿಗೆ ತಿಳಿದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಕುಂತಿ ಆ ಮನೆಯವನಿಗೆ ಯಾರಿಗೂ ಹೇಳಬೇಡ ಅನ್ನುತ್ತಾಳೆ. ದೇಹಕ್ಕೆ ಬಲವಿದ್ದರೆ ಕಳೆದುಕೊಳ್ಳುವ ವಸ್ತುವನ್ನು ಬೇರೆ ಕಡೆ ಇಡಬೇಕು, ಅಷ್ಟೇ ಉಪಾಯ. ಇನ್ನೊಂದು: ಭೀಮ ಬಂಡಿ ಅನ್ನವನ್ನು ರಾಕ್ಷಸನ ಎದುರಿಗೇ ಕೂತು ತಾನೇ ಉಣ್ಣುತ್ತಾನೆ, ಬೆನ್ನಿಗೆ ಗುದ್ದು ಬಿದ್ದರೂ ತಿರುಗಿ ನೋಡುವುದಿಲ್ಲ. ಮಕ್ಕಳು ನಗುವ ಜಾಗ ಅದು. ಕಾಳಗ ತಡವಾದಷ್ಟೂ ಬಕನ ಸಿಟ್ಟು ಏರುತ್ತದೆ, ಕೇಳುವವರ ಕಾತರವೂ. ಹೊಡೆದಾಟವನ್ನೇ ಎರಡು ಪುಟ ‘ಡಿಶುಂ ಡಿಶುಂ’ ಅಂತ ಬರೆಯುವ ಹುಡುಗರಿಗೆ ಇದನ್ನು ತೋರಿಸಿ, ಹೊಡೆದಾಟಕ್ಕೆ ಮೂರೇ ಸಾಲು, ಅದಕ್ಕೆ ಮುಂಚಿನ ತಡೆಗೆ ಒಂದು ಪುಟ ಅಂತ ನಿಯಮ ಮಾಡಬಹುದು.

ಬಯಕೆ ಕಾರ್ಡುಗಳು ಅಷ್ಟಕ್ಕಷ್ಟೆ. ‘ಕೀರ್ತಿ’, ‘ಲೋಕವನ್ನು ಉಳಿಸುವುದು’ ಎಂಬಂಥವನ್ನು ಪಕ್ಕಕ್ಕಿಡಿ. ಬಯಕೆ ಕೈಯಲ್ಲಿ ಹಿಡಿಯುವಂಥದ್ದಾಗಿರಬೇಕು, ಗಡುವು ಇರಬೇಕು. ಅಜ್ಜಿಯ ಔಷಧಿ, ಪಾವಗಡಕ್ಕೆ ಹೋಗುವ ಕೊನೆ ಬಸ್ಸು ಹೊರಡುವ ಮುಂಚೆ. ಅಡ್ಡಿಗಳಲ್ಲಿ ಹಿಮಪಾತ, ಕಡಲ್ಗಳ್ಳರು, ತೋಳಗಳ ಹಿಂಡು, ಮರಳಿನ ಸುಳಿ ಈ ನಾಲ್ಕನ್ನು ತೆಗೆದು ಜೇನುಹುಳು ಎದ್ದದ್ದು, ಕೆರೆ ಕೋಡಿ ಬಿದ್ದು ದಾರಿ ಕಡಿದದ್ದು, ಮಧ್ಯಾಹ್ನದ ಕಾದ ಬಂಡೆ, ಕರಡಿ ಹೆಜ್ಜೆ ಸೇರಿಸಿದರೆ ಉಳಿದ ಹನ್ನೆರಡು ಚೆನ್ನಾಗಿಯೇ ಇವೆ. ಕೊನೆಯ ಕಾರ್ಡುಗಳು ಹತ್ತೂ ನಿಧಿ, ಕಿರೀಟ, ಮದುವೆ. ಅವನ್ನು ಬಿಟ್ಟು, ಹೊರಟ ಮನೆಯ ಬಾಗಿಲಿಗೆ ವಾಪಸ್ ಬಂದಾಗ ಎದುರಿಗೆ ಯಾರಿದ್ದರು, ಅವರಿಗೆ ಮೊದಲು ಕಂಡ ಬದಲಾವಣೆ ಏನು ಅಂತ ಎರಡು ಪ್ರಶ್ನೆ ಕೇಳಿ.

‘ಎಚ್ಚರವಾಯಿತು, ಅದೆಲ್ಲ ಕನಸು’ ಅನ್ನುವ ಕೊನೆ ಎಲ್ಲ ತರಗತಿಯಲ್ಲೂ ಬರುತ್ತದೆ. ಅದು ಸೋಮಾರಿತನವಲ್ಲ, ಬೆಲ್ ಹೊಡೆಯಿತು, ಬಿಡಿಸಿಕೊಳ್ಳುವ ದಾರಿ ಸಿಗಲಿಲ್ಲ, ಅಷ್ಟೇ. ಬರೆಯಲು ಕೂರುವ ಮುಂಚೆಯೇ ಕೊನೆಯ ಬೀಜ ಯಾವುದು ಅಂತ ಹಾಳೆಯ ತಲೆಯ ಮೇಲೆ ಬರೆಸಿದರೆ ಕನಸು ಬಹುಮಟ್ಟಿಗೆ ನಿಲ್ಲುತ್ತದೆ. ಎರಡನೆಯ ಕಾಯಿಲೆ ‘ಆಮ್ಯಾಕೆ’. ಗವಿಗೆ ಹೋದರು, ಆಮ್ಯಾಕೆ ಹಾವು ಬಂತು, ಆಮ್ಯಾಕೆ ಹೊಳೆ ಬಂತು. ಒಂದಕ್ಕೊಂದು ನಂಟಿಲ್ಲ. ಮರಳು ಗಡಿಯಾರ ಉಪಯೋಗಕ್ಕೆ ಬರುವುದು ಇಲ್ಲಿ. ಮೂರು ನಿಮಿಷ ಬಾಯಲ್ಲಿ ಕಥೆ ಹೇಳಬೇಕು, ‘ಆಮ್ಯಾಕೆ’ ಅಂದರೆ ಔಟ್. ‘ಆದರೆ’, ‘ಅದಕ್ಕೇ’ ಎರಡೇ ಜೋಡಿಸಬಹುದು. ಹಾವು ಕಂಡಿತು, ಅದಕ್ಕೇ ಹಿಂದಕ್ಕೆ ಜಿಗಿದಳು, ಆದರೆ ಟಾರ್ಚು ಬಿತ್ತು. ಬರೆಯಲು ಮೂರು ನಿಮಿಷ ಏನೇನೂ ಸಾಲದು, ಕೈಪಿಡಿ ಹಾಗೆ ಹೇಳಿದ್ದರೂ ಕಿವಿಗೆ ಹಾಕಿಕೊಳ್ಳಬೇಡಿ.

ದಾಳದ ಬಗ್ಗೆ ಹೇಳುವುದೇನಿಲ್ಲ. ಅಡ್ಡಿಯನ್ನು ದಾಳ ಆರಿಸಿದರೆ ಸಣ್ಣದು ಕೊನೆಗೆ, ದೊಡ್ಡದು ಮೊದಲಿಗೆ ಬೀಳುತ್ತದೆ. ಕಾರ್ಡುಗಳನ್ನು ಮಕ್ಕಳೇ ಜೋಡಿಸಲಿ.

ನಾಲ್ಕು ಪೀರಿಯಡ್ ಸಾಕು, ತಲಾ 40 ನಿಮಿಷ. ಮೊದಲನೆಯದು ಪೂರ್ತಿ ನಕ್ಷೆಗೆ. ಎರಡನೆಯದರಲ್ಲಿ ಬಯಕೆ, ನಾಯಕಿಯ ಎರಡು ಸಾಲು, ಬೀಜಗಳ ಹೆಸರು; ಅರ್ಧ ಗಂಟೆಗೆ ಮುಗಿಯುತ್ತದೆ. ಮೂರನೆಯದೇ ಉದ್ದ, ಅಡ್ಡಿ ಜೋಡಿಸಿ ಬಾಯಲ್ಲಿ ಹೇಳುವುದು. ಶನಿವಾರ ಬೆಳಗ್ಗೆ ಇಟ್ಟುಕೊಂಡರೆ ಎರಡು ಪೀರಿಯಡ್ ಸೇರಿಸಬಹುದು. ನಾಲ್ಕನೆಯದರಲ್ಲಿ ಬರವಣಿಗೆ, ಐದನೇ ತರಗತಿಗೆ 120ರಿಂದ 150 ಪದ, ಏಳಕ್ಕೆ 250. ಬಾಯಲ್ಲಿ ಹೇಳದೆ ನೇರ ಬರೆಸಿದರೆ ಕಾಗುಣಿತದ ಭಯಕ್ಕೆ ಮಕ್ಕಳು ತಮಗೆ ಬರುವ ಪದಗಳಿಗೆ ತಕ್ಕ ಕಥೆ ಮಾಡುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಮೂರನೇ ಪೀರಿಯಡ್ಡಿನಲ್ಲಿ ತೆಲುಗಿನಲ್ಲೇ ಹೇಳಲು ಬಿಡಿ, ಕನ್ನಡಕ್ಕೆ ನಾಲ್ಕನೆಯದರಲ್ಲಿ ಬರಲಿ. ಕಥೆ ಗಟ್ಟಿಯಾಗಿ ಕೂತ ಮೇಲೆ ಪದ ಕೇಳುವುದಕ್ಕೆ ಅವರಿಗೆ ಸಂಕೋಚ ಇರುವುದಿಲ್ಲ. ಸರ್ಕಾರಿ ಶಾಲೆಯ ಕೆಳ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಕಲಿತು ಬಂದವರಿಗೆ ಗುಂಪಿನಲ್ಲಿ ಕೂತು ಕಾರ್ಡು ತೆಗೆಯುವುದು ಹೊಸದೇನಲ್ಲ, ಆ ಹೊತ್ತು ಉಳಿಯುತ್ತದೆ.

ಎಂಟು ಒಂಬತ್ತನೇ ತರಗತಿಗೆ ಚಿತ್ರಗಳು ತೀರಾ ಮಕ್ಕಳಾಟ ಅನಿಸುತ್ತವೆ. ಅವರಿಗೆ ನಕ್ಷೆ ಮತ್ತು ಬೀಜ ಮಾತ್ರ ಸಾಕು, ಅಂದರೆ ಪೆಟ್ಟಿಗೆಯೇ ಬೇಡ. ಸ್ವಂತ ದುಡ್ಡಿನಲ್ಲಿ ಕೊಳ್ಳುವ ಶಿಕ್ಷಕರು ಕ್ಲಸ್ಟರಿನ ಎರಡು ಶಾಲೆ ಸೇರಿ ಒಂದು ತಗೊಳ್ಳಬಹುದು. ಪಂಚಾಯಿತಿ ಗ್ರಂಥಾಲಯದಲ್ಲಿಟ್ಟರೂ ಆದೀತು, ಅಲ್ಲಿಗೆ ಬರುವ ಗುಂಪು ಸಾಮಾನ್ಯವಾಗಿ 25ರ ಒಳಗೇ ಇರುತ್ತದೆ. ಅಂಗಡಿಯಲ್ಲೇ ಮುಚ್ಚಳ ತೆಗೆದು 64 ಎಣಿಸಿ. ಎರಡೆರಡು ಸಲ ಬಂದ ಕಾರ್ಡು, ಸೋರುವ ಮರಳು ಗಡಿಯಾರ ಇವೆರಡನ್ನೂ ನೋಡಿಕೊಳ್ಳಬೇಕು, ಮನೆಗೆ ತಂದ ಮೇಲೆ ಬದಲಿಸಿಕೊಡಲು ಅಂಗಡಿಯವರು ಒಪ್ಪುವುದು ಕಷ್ಟ. ನಕ್ಷೆ ಹಾಳೆಯ ಮೇಲೆ ವೈಟ್‌ಬೋರ್ಡ್ ಮಾರ್ಕರ್ ಮಾತ್ರ ಬಳಸಿ, ಅದೇ ದಿನ ಒರೆಸಿ; ವಾರಗಟ್ಟಲೆ ಬಿಟ್ಟರೆ ಒಣಬಟ್ಟೆಗೆ ಹೋಗುವುದಿಲ್ಲ, ಕೈಗೆ ಹಚ್ಚುವ ಸ್ಯಾನಿಟೈಸರ್ ಎರಡು ಹನಿ ಹಾಕಿ ಉಜ್ಜಬೇಕು. ಮಡಚಿಟ್ಟರೆ ಮಡಿಕೆಯ ಮೇಲಿನ ಲೇಪ ಬಿರಿದು ಶಾಯಿ ಇಳಿಯುತ್ತದೆ, ಸುತ್ತಿ ಇಡಿ.